ಹೆಸರಿನಲ್ಲಿ ಹುರುಳಿರಲಿ

ರೇಷ್ಮೆಹುಳುವಿನ ಮೊಟ್ಟೆಯನ್ನು ಬರಿಗಣ್ಣಿನಿಂದ ನೋಡಿ ಅದರ ತಳಿಯನ್ನು ಹೇಳುವುದು ಸುಲಭವಲ್ಲ. ಆದುದರಿಂದಲೇ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೈತರು ಕೊಳ್ಳುವ ಮೊಟ್ಟೆಗೆ ತಳಿಯ ಹೆಸರು ಅವಶ್ಯಕ. 'ಮೈಸೂರು × ಸಿ.ಎಸ್.ಆರ್. 2' ಎಂದರೆ ತಾಯಿ ಮೈಸೂರು ತಳಿ, ತಂದೆ ಸಿ.ಎಸ್.ಆರ್. 2, ಹೆಣ್ಣಿನ ತಳಿಯನ್ನು ಮೊದಲು ಬರೆಯುವುದು ನಿಯಮ. ಇಂತಹ ಶಿಸ್ತು ಕಂಪ್ಯೂಟರಿನ ತಂತ್ರಾಂಶಗಳ ಹಂಚಿಕೆಗೂ ಬೇಕೆಂಬುದು ನಮ್ಮ ಅಭಿಪ್ರಾಯ.

ತಂತ್ರಾಂಶವನ್ನು ಮೊದಲು ಮನುಷ್ಯರು ಓದಬಲ್ಲ ರೂಪದಲ್ಲಿ ಬರೆಯುತ್ತಾರೆ. ಅದನ್ನು ಪ್ರೊಸೆಸರಿನ ಆಜ್ಞೆಗಳಾಗಿ ಪರಿವರ್ತಿಸುವುದಕ್ಕೆ ಕಂಪೈಲ್ ಮಾಡುವುದೆಂದು ಹೆಸರು. ಮುಂಚಿತವಾಗಿಯೇ ಕಂಪೈಲ್ ಮಾಡಿ ಹಂಚುವ ಪ್ಯಾಕೇಜು ಬಳಸುವವರಿಗೆ ಅನುಕೂಲ. ಆದರೆ ಒಂದು ಬಗೆಯ ಪ್ರೊಸೆಸರಿಗಾಗಿ ಸಿದ್ಧಪಡಿಸಿದುದು ಇನ್ನೊಂದು ಬಗೆಯದರಲ್ಲಿ ಸಾಮಾನ್ಯವಾಗಿ ನಡೆಯದು. ಅದನ್ನು ತೆರೆದು ನೋಡಿದರೂ ಸಾಮಾನ್ಯರಿಗೆ ಏನೂ ತಿಳಿಯದು.

1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆಯ ಕ್ರಮ ಇಲ್ಲಿ ಅನುಕರಣೀಯ. 'ಫಾಂಟ್ಸ್-ಗುಬ್ಬಿ_1.3-5_ಆಲ್.ಡೆಬ್' ಎಂಬ ಕಡತವನ್ನು ನೋಡೋಣ. ಗುಬ್ಬಿ ಎಂಬುದೊಂದು ಕನ್ನಡ ಫಾಂಟು. 1.3 ಎಂಬುದು ಮೂಲಕರ್ತೃವಿನ ಆವೃತ್ತಿ. 5 ಎಂಬುದು ಪ್ಯಾಕೇಜು ಕಟ್ಟಿದವರ ಪರಿಷ್ಕರಣೆ. 'ಆಲ್' ಎಂದರೆ ಎಲ್ಲ ಪ್ರೊಸೆಸರುಗಳಿಗೂ ಸಲ್ಲುವುದೆಂದು ಅರ್ಥ. ಕಂಪೈಲ್ ಆದ ಪ್ಯಾಕೇಜಿನಲ್ಲಾದರೆ ಅದೇ ಸ್ಥಾನದಲ್ಲಿ 'ಎಎಂಡಿ64', 'ಆರ್ಮ್64' ಮೊದಲಾದ ಗುರುತುಗಳಿರುತ್ತವೆ. ಪ್ಯಾಕೇಜಿನ ಹೆಸರಿನೊಳಗೆ ಅಡಿಗೆರೆಗೆ ಅವಕಾಶವಿಲ್ಲ. ಆದಕಾರಣ ಹೆಸರು ಎಲ್ಲಿ ಮುಗಿಯಿತು, ಆವೃತ್ತಿ ಎಲ್ಲಿ ಮೊದಲಾಯಿತು ಎಂಬ ಸಂಶಯಕ್ಕೆ ಎಡೆಯಿಲ್ಲ.

ವಿದ್ಯಾರ್ಥಿಗಳು ಎರಡು ಸಂಗತಿಗಳನ್ನು ಗಮನಿಸಬೇಕು. 'ಎಎಂಡಿ64' ಎಂಬುದು ಎಎಂಡಿ ಸಂಸ್ಥೆಯ ಪ್ರೊಸೆಸರುಗಳಿಗೆ ಮಾತ್ರ ಮೀಸಲಲ್ಲ. ಇಂಟೆಲ್ಲಿನ ಇಂದಿನ 64 ಬಿಟ್ ಪ್ರೊಸೆಸರುಗಳಿಗೂ ಅದೇ ಸಲ್ಲುತ್ತದೆ. ಆ ವಿನ್ಯಾಸವನ್ನು ಮೊದಲು ರೂಪಿಸಿದವರು ಎಎಂಡಿಯವರಾದುದರಿಂದ ಆ ಹೆಸರು ನಿಂತಿತು. ಇನ್ನೊಂದು, ಆವೃತ್ತಿಯ ಸಂಖ್ಯೆ ದಶಮಾಂಶವಲ್ಲ. ಗಣಿತದಲ್ಲಿ 1.10 ಎಂಬುದು 1.9ಕ್ಕಿಂತ ಕಿರಿದು; ಆವೃತ್ತಿಯಲ್ಲಿ ಹತ್ತನೆಯದು ಒಂಬತ್ತನೆಯದಕ್ಕಿಂತ ಹೊಸದು.

ಹೆಸರು ಬದಲಾಗಬಾರದೆಂದೇನೂ ಇಲ್ಲ. ರಾಮನಗರ ಜಿಲ್ಲೆಯೇ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತಷ್ಟೆ. ಡೆಬಿಯನ್ನಿನಲ್ಲಿ 'ಟಿಟಿಎಫ್-ಕನ್ನಡ-ಫಾಂಟ್ಸ್' ಎಂಬುದು 'ಫಾಂಟ್ಸ್-ಕೆಎನ್‌ಡಿಎ' ಎಂದು ಬದಲಾದಾಗ, ಹಳೆಯ ಹೆಸರಿನಲ್ಲೊಂದು ಬರಿದಾದ ಪ್ಯಾಕೇಜನ್ನು ಉಳಿಸಿ, ಅದರ ಮೂಲಕ ಹೊಸದು ತಾನಾಗಿ ಬರುವಂತೆ ಮಾಡಿದರು. ಹಳೆಯ ವಿಳಾಸಕ್ಕೆ ಬಂದ ಪತ್ರವನ್ನು ಹೊಸ ಮನೆಗೆ ಮುಟ್ಟಿಸಿದಂತೆ ಇದು.

ಅಂತರಜಾಲದಲ್ಲಿ ಸರಿಯಾದ ಪ್ಯಾಕೇಜನ್ನು ಯಂತ್ರವೇ ಆರಿಸಿಕೊಳ್ಳುವಾಗ ಇಷ್ಟೆಲ್ಲ ಏಕೆಂದು ಕೆಲವರು ಕೇಳಬಹುದು. ಆದರೆ ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಸಾಗುವ ಕಡತವನ್ನು ಆರಿಸುವವನು ವಿದ್ಯಾರ್ಥಿಯೇ. ಅದರ ಮೇಲೆ 'ಸೆಟಪ್' ಎಂದೋ 'ಹೊಸದು' ಎಂದೋ ಇದ್ದರೆ, ಹಳೆಯ 32 ಬಿಟ್ ಕಂಪ್ಯೂಟರನ್ನು ನೆಚ್ಚಿದ ಬಡ ಹುಡುಗನ ಕಾಲ ವ್ಯರ್ಥವಾಗುತ್ತದೆ. ತಪ್ಪು ತನ್ನದೇ ಎಂದು ಅವನು ಕುಗ್ಗುತ್ತಾನೆ. ಕನ್ನಡದ ತಂತ್ರಾಂಶಗಳನ್ನು ಹಂಚುವವರೂ, ತಮ್ಮ ಪ್ರಾಜೆಕ್ಟುಗಳನ್ನು ಗೆಳೆಯರಿಗೆ ಕೊಡುವ ವಿದ್ಯಾರ್ಥಿಗಳೂ ಹೆಸರು, ಆವೃತ್ತಿ, ಪರಿಷ್ಕರಣೆ, ಪ್ರೊಸೆಸರು ಈ ನಾಲ್ಕನ್ನೂ ತಪ್ಪದೆ ನಮೂದಿಸಲಿ. ಇದಕ್ಕೆ ಖರ್ಚೇನೂ ಇಲ್ಲ. ಪಡೆಯುವವರ ಬಗ್ಗೆ ಕಾಳಜಿಯೊಂದಿದ್ದರೆ ಸಾಕು.