ಓದಿಕೊಂಡು ಬರಬೇಡಿ, ಬಂದು ಓದೋಣ

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಕೆಲವು ಕನ್ನಡ ಮನೆಗಳವರು ಸೇರಿ ಓದುಕೂಟವೊಂದನ್ನು ಆರಂಭಿಸಿದೆವು. ನಾನೂರು ಪುಟಗಳ ಕಾದಂಬರಿಯೊಂದನ್ನು ಗೊತ್ತುಪಡಿಸಿ, ಎಲ್ಲರೂ ಓದಿಕೊಂಡೇ ಬರತಕ್ಕದ್ದೆಂದು ನಿಯಮ ಮಾಡಿದೆವು. ಮೊದಲ ಸಭೆಗೆ ಒಂಬತ್ತು ಮಂದಿ ಬಂದರು. ಓದಿ ಮುಗಿಸಿದ್ದವರು ಇಬ್ಬರು. ಎರಡನೆಯದಕ್ಕೆ ನಾಲ್ವರು ಬಂದರು. ಮೂರನೆಯ ಸಭೆ ನಡೆಯಲೇ ಇಲ್ಲ. ಓದದೆ ಬಂದು ತಲೆತಗ್ಗಿಸುವುದಕ್ಕಿಂತ ಮನೆಯಲ್ಲಿರುವುದೇ ಲೇಸೆಂದು ಉಳಿದವರು ಭಾವಿಸಿದ್ದರು. ತಪ್ಪು ಅವರದಲ್ಲ, ನಮ್ಮ ನಿಯಮದ್ದು.

ಆ ನಿಯಮ ಈ ಊರಿಗೆ ಒಗ್ಗದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕನ್ನಡ ಇಲ್ಲಿಗೆ ನಿನ್ನೆಮೊನ್ನೆ ಬಂದ ಅತಿಥಿಯಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಇಲ್ಲಿಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಮನೆಮಾತು ಕನ್ನಡವೇ. ಆದರೆ ಅವರಲ್ಲಿ ಬಹುಮಂದಿ ಅಕ್ಷರ ಕಲಿತದ್ದು ತಮಿಳಿನಲ್ಲಿ. ಅಂಥವರಿಗೆ ಓದಿಕೊಂಡು ಬನ್ನಿರೆಂದು ಹೇಳುವುದು ಬಾಗಿಲು ಹಾಕಿಕೊಂಡಂತೆಯೇ ಸರಿ.

ನಮ್ಮ ಹಿರಿಯರಿಗೆ ಈ ತೊಡಕು ಇರಲಿಲ್ಲ. ಗಮಕಿಯೊಬ್ಬರು ಕುಮಾರವ್ಯಾಸ ಭಾರತವನ್ನು ವಾಚಿಸುವರು, ಮತ್ತೊಬ್ಬರು ಅರ್ಥ ಹೇಳುವರು, ಅಕ್ಷರ ಬಾರದವರೂ ಕಣ್ಣೀರು ಮಿಡಿಯುವರು. ಕಾವ್ಯವನ್ನು ಸವಿಯಲು ಕಿವಿಯೊಂದಿದ್ದರೆ ಸಾಕಾಗಿತ್ತು.

ನಾವೂ ಆ ದಾರಿಗೆ ಮರಳಿದೆವು. ಯಾರೂ ಓದಿಕೊಂಡು ಬರಬೇಕಾಗಿಲ್ಲ. ಸೇರಿದಲ್ಲಿಯೇ ಗಟ್ಟಿಯಾಗಿ ಓದುವುದು. ತಾಳವಾಡಿ ಕಡೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿರುವ ಹುಡುಗಿಯೊಬ್ಬಳು ರಜೆಗೆ ಬಂಧುಗಳ ಮನೆಗೆ ಬಂದಿದ್ದಳು. ಮಾಸ್ತಿಯವರ ಕತೆಯೊಂದನ್ನು ಅವಳ ಕೈಗೆ ಕೊಟ್ಟೆವು. ನಡುವೆ ನೆರೆಮನೆಯ ಅಜ್ಜಿ ಕೇಳಿದರು: "ನಾವು ಮನೇಲಿ ಆಡೋ ಮಾತು ಪುಸ್ತಕದಲ್ಲೂ ಐತಾ ಮಗಾ?" ಹುಡುಗಿ ಪುಟವನ್ನು ತಿರುಗಿಸಿ ತೋರಿಸಿದಳು. ಅಜ್ಜಿಗೆ ಅಕ್ಷರ ತಿಳಿಯದು. ಆದರೂ ಬಹಳ ಹೊತ್ತು ನೋಡಿದರು. ಅಂದು ಎರಡು ಪುಟ ಉಳಿದೇ ಹೋಯಿತು. ಆ ಎರಡು ಪುಟಕ್ಕಾಗಿ ಮುಂದಿನ ತಿಂಗಳು ಎಲ್ಲರೂ ಬಂದರು.

ನಿಮ್ಮ ಬೀದಿಯಲ್ಲಿಯೂ ಇದು ಸಾಧ್ಯ. ಐದಾರು ಮಂದಿ ಸಾಕು. ತಿಂಗಳಿಗೊಂದು ಭಾನುವಾರ, ಒಂದು ಗಂಟೆ. ಸರದಿಯಂತೆ ಒಬ್ಬೊಬ್ಬರ ಮನೆ. ಉಪಾಹಾರದ ಸಡಗರ ಬೇಡ, ಕಾಫಿ ಸಾಕು. ಇಲ್ಲವಾದರೆ ಸರದಿಯೇ ಹೊರೆಯಾದೀತು. ಗಟ್ಟಿಯಾಗಿ ಓದುವುದರಿಂದ ಒಂದೇ ಪ್ರತಿ ಸಾಲುವುದು. ಮೈಸೂರಿಗೋ ಬೆಂಗಳೂರಿಗೋ ಹೋದವರು ತಂದಾರು. ಒಂದೇ ಕೂಟದಲ್ಲಿ ಮುಗಿಯುವಂಥದ್ದನ್ನು ಆರಿಸಿರಿ: ಒಂದು ಸಣ್ಣಕತೆ, ತೇಜಸ್ವಿಯವರ 'ಪರಿಸರದ ಕತೆ'ಯಿಂದ ಒಂದು ಪ್ರಸಂಗ, ಎಳೆಯರಿದ್ದರೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'.

ತಮಿಳು ಮನೆಮಾತಿನ ನೆರೆಯವರು ಬಂದರೆ ಅವರನ್ನೂ ಕೂರಿಸಿಕೊಳ್ಳಿರಿ. 1983ರ ಜ್ಞಾನಪೀಠವನ್ನು ಕನ್ನಡಕ್ಕೆ ತಂದ ಮಾಸ್ತಿಯವರ ಮನೆಮಾತೂ ತಮಿಳೇ.

ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳಿಗೆ ಒಂದು ಮಾತು. ಈ ಓದಿನಿಂದ ಮುಂದೇನು ಪ್ರಯೋಜನವೆಂದು ಬಂಧುಗಳು ನಿಮ್ಮನ್ನು ಆಗಾಗ ಕೇಳುತ್ತಿರಬಹುದು. ಮುಂದಿನ ಮಾತು ಹಾಗಿರಲಿ. ಈ ಭಾನುವಾರ ನಿಮ್ಮ ಮಗುವಿನ ಓದಿಗಾಗಿ ಕಾದಿರುವ ಅಜ್ಜಿಯೊಬ್ಬರು ನಿಮ್ಮ ಬೀದಿಯಲ್ಲಿಯೇ ಇರಬಹುದು. ಹೋಗಿ ಕರೆದುಕೊಂಡು ಬನ್ನಿರಿ.