ಖಾಲಿ ಜಾಗವೂ ಒಂದು ಅಕ್ಷರ



ಕೃಷ್ಣಾ ತೀರದ ನಮ್ಮ ಅಂಕಲಿಯ ಸುತ್ತ ಕಬ್ಬಿನ ಹೊಲಗಳನ್ನು ನೀವು ದಿನವೂ ನೋಡುತ್ತೀರಿ. ಎರಡು ಸಾಲುಗಳ ನಡುವಿನ ಜಾಗವನ್ನು ರೈತರು ಸುಮ್ಮನೆ ಬಿಟ್ಟಿಲ್ಲ. ಬೆಳಕು ಮತ್ತು ಗಾಳಿ ಒಳಗೆ ಹೋಗಲು, ನೀರು ಹರಿಯಲು, ಬುಡಕ್ಕೆ ಮಣ್ಣು ಏರಿಸಲು ಆ ಜಾಗ ಬೇಕು. ಅಲ್ಲಿ ಕಳೆ ಬೆಳೆದರೆ ಕೀಳಲೇಬೇಕು. ಆದರೆ ಕಳೆಯ ಜೊತೆಗೆ ಕಬ್ಬಿನ ಮೊಳಕೆಯನ್ನೂ ಕಿತ್ತರೆ?

ಬರವಣಿಗೆಯಲ್ಲೂ ಹೀಗೆಯೇ. ‘ಹಾಡಿ ನಲಿ’ ಎಂದರೆ ಹಾಡುತ್ತಾ ಸಂತೋಷಪಡು ಎಂದರ್ಥ. ನಡುವಿನ ಜಾಗ ತೆಗೆದರೆ ‘ಹಾಡಿನಲಿ’, ಅಂದರೆ ಹಾಡಿನಲ್ಲಿ! ನಮ್ಮ ಹಳೆಯ ಶಾಸನಗಳಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಓದುವವರೇ ಪದಗಳನ್ನು ಬಿಡಿಸಿಕೊಳ್ಳಬೇಕಿತ್ತು.

ಗಣಕಯಂತ್ರಕ್ಕೆ ಖಾಲಿ ಎಂಬುದೇ ಇಲ್ಲ. ಅದು ಪ್ರತಿಯೊಂದು ಅಕ್ಷರವನ್ನೂ ಸಂಖ್ಯೆಯಾಗಿ ನೆನಪಿಡುತ್ತದೆ. ಯೂನಿಕೋಡ್ ಪಟ್ಟಿಯಲ್ಲಿ ‘ಅ’ ಅಕ್ಷರದ ಸಂಖ್ಯೆ 3205. ಕೀಲಿಮಣೆಯ ಉದ್ದ ಗುಂಡಿಯನ್ನು ಒತ್ತಿದಾಗ ಬರುವ ಖಾಲಿ ಜಾಗಕ್ಕೆ 32, ಟ್ಯಾಬ್ ಗುಂಡಿಯ ಜಾಗಕ್ಕೆ 9. ನಮ್ಮ ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ದೊಡ್ಡ ತಂತ್ರಾಂಶಗಳನ್ನು ಹಲವು ಊರುಗಳ ಹಲವು ಜನ ಸೇರಿ ಬರೆಯುತ್ತಾರೆ. ಜೊತೆಗೆ ಅದನ್ನು ಬಳಸುವ ವಿಧಾನ ತಿಳಿಸುವ ವಿವರಣೆಯ ಕಡತಗಳನ್ನೂ ಬರೆಯುತ್ತಾರೆ. ದಿನ ಕಳೆದಂತೆ ಈ ಕಡತಗಳಲ್ಲಿ ಕಾಣದ ಕಸ ಸೇರುತ್ತದೆ. ಸಾಲಿನ ಕೊನೆಯಲ್ಲಿ ಬೇಡದ ಖಾಲಿ ಜಾಗ ಉಳಿಯುತ್ತದೆ. ಒಬ್ಬರು ಟ್ಯಾಬ್ ಒತ್ತಿದರೆ ಇನ್ನೊಬ್ಬರು ಸ್ಪೇಸ್ ಒತ್ತುತ್ತಾರೆ. ಒಬ್ಬರ ಪರದೆಯಲ್ಲಿ ನೆಟ್ಟಗಿದ್ದ ಕೋಷ್ಟಕ ಇನ್ನೊಬ್ಬರ ಪರದೆಯಲ್ಲಿ ಅಡ್ಡಾದಿಡ್ಡಿಯಾಗುತ್ತದೆ.

‘ಕಾಣದ ಕಸವನ್ನು ಏಕೆ ಗುಡಿಸಬೇಕು?’ ಎಂದು ಕೆಲವರು ಕೇಳುತ್ತಾರೆ. ಗುಡಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ ಎಂಬ ತಂತ್ರಾಂಶ ಹಳೆಯ ಮತ್ತು ಹೊಸ ಕಡತಗಳನ್ನು ಸಾಲು ಸಾಲಾಗಿ ಹೋಲಿಸಿ ತೋರಿಸುತ್ತದೆ. ಒಂದೇ ಒಂದು ಖಾಲಿ ಜಾಗ ಹೆಚ್ಚಿದ್ದರೂ ಆ ಸಾಲು ಬದಲಾಗಿದೆ ಎನ್ನುತ್ತದೆ. ಇಂಥ ನೂರು ಪೊಳ್ಳು ಬದಲಾವಣೆಗಳ ನಡುವೆ ಒಂದು ನಿಜವಾದ ತಪ್ಪು ಸುಲಭವಾಗಿ ಅಡಗಿಕೊಳ್ಳುತ್ತದೆ. ಅದಕ್ಕೇ ಸಾಲಿನ ಕೊನೆಯಲ್ಲಿ ಖಾಲಿ ಜಾಗ ಬಿಡಬಾರದೆಂದು ಲಿನಕ್ಸ್ ತಂತ್ರಾಂಶದ ನಿಯಮಗಳಲ್ಲೇ ಬರೆದಿದ್ದಾರೆ.

ಆದರೆ ಅರಿಯದೆ ಗುಡಿಸಬಾರದು. ಈ ತಪ್ಪನ್ನು ನಾನೇ ಮಾಡಿದ್ದೇನೆ. ಒಂದು ಪ್ರಯೋಗದ ಹಾಳೆಯಲ್ಲಿ ಸೊಟ್ಟಗೆ ಕಂಡ ಟ್ಯಾಬ್‌ಗಳನ್ನೆಲ್ಲ ಒಂದೇ ಸಲಕ್ಕೆ ಅಳಿಸಿಬಿಟ್ಟೆ. ಉಪ್ಪು 2 ಚಮಚ, ನೀರು 5 ಲೋಟ ಎಂದಿದ್ದ ಕೋಷ್ಟಕದಲ್ಲಿ 2 ಮತ್ತು 5 ಕೂಡಿಕೊಂಡು 25 ಆಯಿತು! ‘ಸರ, 25 ಚಮಚ ಉಪ್ಪ ಹಾಕೂದೇನ್ರಿ?’ ಎಂದು ಏಳನೆಯ ತರಗತಿಯ ಹುಡುಗಿ ಕೇಳಿದಾಗಲೇ ನನಗೆ ಗೊತ್ತಾದದ್ದು.

ಕೆಲವು ಖಾಲಿ ಜಾಗಗಳಿಗೆ ಅರ್ಥವೂ ಇದೆ. ವಿವರಣೆಯ ಕಡತ ಬರೆಯಲು ಜಾನ್ ಗ್ರೂಬರ್ 2004ರಲ್ಲಿ ಪ್ರಕಟಿಸಿದ ‘ಮಾರ್ಕ್‌ಡೌನ್’ ಪದ್ಧತಿಯಲ್ಲಿ ಸಾಲಿನ ಕೊನೆಗೆ ಎರಡು ಖಾಲಿ ಜಾಗ ಬಿಟ್ಟರೆ ‘ಇಲ್ಲಿಂದ ಹೊಸ ಸಾಲು’ ಎಂದರ್ಥ. ಅದನ್ನು ಅಳಿಸಿದರೆ ಎರಡು ಸಾಲುಗಳು ಒಂದಾಗುತ್ತವೆ.

ಕನ್ನಡಕ್ಕಂತೂ ಇದು ಇನ್ನೂ ಮುಖ್ಯ. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ‘ಜ್’ ಮತ್ತು ‘ಕು’ ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಕುಳಿತಿದೆ. ಅದರ ಸಂಖ್ಯೆ 8204. ‘ಇವೆರಡನ್ನು ಕೂಡಿಸಬೇಡ’ ಎಂದು ಯಂತ್ರಕ್ಕೆ ಹೇಳುವುದೇ ಅದರ ಕೆಲಸ. ಅದನ್ನು ಅಳಿಸಿದರೆ ಜಕಾರದ ಕೆಳಗೆ ಕಕಾರ ಒತ್ತಾಗಿ ಸೇರಿ ಹೆಸರೇ ಕೆಡುತ್ತದೆ. ಇಂಗ್ಲಿಷ್ ಬರೆಯಲು ಈ ಚಿಹ್ನೆ ಬೇಡ. ಆದ್ದರಿಂದ ಕನ್ನಡ ತಿಳಿಯದವರು ಅದನ್ನು ಕಸವೆಂದು ಗುಡಿಸಿಬಿಡಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ಕಾಣದ್ದನ್ನು ಕಾಣುವಂತೆ ಮಾಡಿಕೊಂಡು ನೋಡಬೇಕು. ಗುಡಿಸುವ ದಿನ ಗುಡಿಸುವುದನ್ನು ಮಾತ್ರ ಮಾಡಬೇಕು, ವಿಷಯ ತಿದ್ದಬಾರದು. ನೀವು ಇಡೀ ನೋಟ್‌ಬುಕ್ಕನ್ನು ಅಂದವಾಗಿ ಮತ್ತೆ ಬರೆಯುವಾಗ ಒಂದು ಉತ್ತರವನ್ನೂ ಬದಲಿಸಿದರೆ ಗುರುಗಳಿಗೆ ಅದು ಹೇಗೆ ತಿಳಿದೀತು? ಕೊನೆಗೆ ಎಲ್ಲವನ್ನೂ ಒಮ್ಮೆ ಓದಬೇಕು. ಕೆಟ್ಟ ಕನ್ನಡ ಪದವನ್ನು ಗುರುತಿಸಲು ಕನ್ನಡ ಓದಬಲ್ಲವರೇ ಬೇಕು. ನಾಳೆ ಆ ಕೆಲಸ ಮಾಡುವವರು ನೀವೇ ಏಕಾಗಬಾರದು?

ಮಾಡಿ ನೋಡಿ: ಶಾಲೆಯ ಗಣಕಯಂತ್ರದಲ್ಲಿ ಬರವಣಿಗೆಯ ತಂತ್ರಾಂಶ ತೆರೆದು ತಿರುಗಿಸಿದ ‘ಪಿ’ಯಂತೆ ಕಾಣುವ ಗುಂಡಿಯನ್ನು ಒತ್ತಿ. ಖಾಲಿ ಜಾಗಗಳು ಚುಕ್ಕೆಗಳಾಗಿ, ಟ್ಯಾಬ್‌ಗಳು ಬಾಣಗಳಾಗಿ ಕಾಣುತ್ತವೆ. ಯಂತ್ರವಿಲ್ಲದಿದ್ದರೆ ಕಪ್ಪುಹಲಗೆಯ ಮೇಲೆ ಜಾಗ ಬಿಡದೆ ನಾಲ್ಕು ಸಾಲು ಬರೆದು ಗೆಳೆಯರಿಂದ ಓದಿಸಿ. ಅವರು ಎಲ್ಲೆಲ್ಲಿ ತಡವರಿಸಿದರೆಂದು ಗುರುತು ಹಾಕಿಕೊಳ್ಳಿ.