ಎಡಕ್ಕೆ ತಿರುಗಿದರೆ ಬಲಕ್ಕೆ

ನಮ್ಮ ಚೆನ್ನೈ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಜಾಗವಿಲ್ಲ. ಅಲ್ಲೊಂದು ಕುರ್ಚಿಯಿದೆ. ಕಂಪ್ಯೂಟರಿನ ಕಾರ್ ಆಟದಲ್ಲಿ ಬ್ರೇಕ್ ಒತ್ತಿದರೆ ಅದು ಮುಂದಕ್ಕೆ ಮುಗ್ಗರಿಸುತ್ತದೆ. ಮಗಳ ಆಸೆ ಅದು. ನನ್ನದೇ ಅಂತ ಮನೆಯಾಕೆಯ ಆರೋಪ.

ಪುದುಪೇಟೆಯ ಗುಜರಿಯಲ್ಲಿ ಮಾರುತಿ ಓಮ್ನಿಯ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟು, ಎರಡು ವೈಪರ್ ಮೋಟಾರು ಸಿಕ್ಕವು. ರಿಚಿ ಸ್ಟ್ರೀಟಿನಲ್ಲಿ ಆರ್ಡುಯಿನೋ. ಜಾಯಿಂಟು ಸೀಟಿನ ಕೆಳಗೆ ನಟ್ಟನಡುವೆ. ಮೋಟಾರುಗಳು ಬೆನ್ನ ಹಿಂದೆ, ಎಡಕ್ಕೊಂದು ಬಲಕ್ಕೊಂದು. ಎರಡೂ ಎತ್ತಿದರೆ ಸೀಟು ಮುಂದಕ್ಕೆ ಬಾಗುತ್ತದೆ. ಒಂದು ಎತ್ತಿ ಇನ್ನೊಂದು ಇಳಿಸಿದರೆ ಪಕ್ಕಕ್ಕೆ. ಮೋಟಾರು ಎಷ್ಟು ತಿರುಗಿದೆಯೆಂದು ಹೇಳಲು ತಲಾ ಒಂದು ಪೊಟೆನ್ಶಿಯೋಮೀಟರ್. ಹಳೇ ರೇಡಿಯೋದ ವಾಲ್ಯೂಮ್ ತಿರುಪು ಇತ್ತಲ್ಲ, ಅದೇ. (ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ, ಅಪ್ಪನ ಕಾರ್ಖಾನೆಯ ಆರ್ಗನ್ ತಿದಿಗಳನ್ನೇ ಬಳಸಿ, ವಿಮಾನ ಕಲಿಯುವವರಿಗೆ ಅಲುಗಾಡುವ ಪೆಟ್ಟಿಗೆ ಕಟ್ಟಿದ್ದ. ನಮ್ಮದು ಅದರ ಬಡ ಮೊಮ್ಮಗ.)

ಒಂದು ಭಾನುವಾರ ತಿರುಪಿನ ತಂತಿಯ ಬೆಸುಗೆ ಬಿಟ್ಟಿತು. ತಾನೆಲ್ಲಿದ್ದೇನೆಂದು ತಿಳಿಯದ ಮೋಟಾರು ಪೂರ್ತಿ ವೇಗದಲ್ಲಿ ತಿರುಗುತ್ತಲೇ ಹೋಯಿತು. ಮಗಳು ಕುರ್ಚಿಯಲ್ಲಿದ್ದಳು. ನಾನು ಪ್ಲಗ್ ಕೀಳುವಷ್ಟರಲ್ಲಿ ಸ್ಟೀರಿಂಗಿಗೆ ಬಡಿದು ತುಟಿ ಒಡೆದಿತ್ತು. ಎರಡು ಹೊಲಿಗೆ.

ಈಗ ಸೀಟಿನ ಪಕ್ಕ ಕೆಂಪು ಗುಂಡಿಯಿದೆ. ಒತ್ತಿದರೆ ಮೋಟಾರಿನ ಕರೆಂಟೇ ಕಡಿತ, ಪ್ರೋಗ್ರಾಮಿನ ಅಪ್ಪಣೆ ಬೇಕಿಲ್ಲ. ತೋಳು ಮಿತಿ ಮೀರದಂತೆ ರಬ್ಬರ್ ತಡೆ, ಜೊತೆಗೆ ಫ್ಯೂಸ್, ಸೊಂಟಕ್ಕೆ ಬೆಲ್ಟು. ಇವೆಲ್ಲ ಮೊದಲ ದಿನವೇ ಇರಬೇಕಿತ್ತು. ನಾನು ಮೊದಲು ಹಾಕಿಸಿದ್ದು ರೆಕ್ಸಿನ್ ಕವರು.

ಕಳೆದ ತಿಂಗಳು ಹಾಸನದಿಂದ ಅಪ್ಪ ಬಂದಿದ್ದರು. ಬಸ್ ಓಡಿಸಿ ನಿವೃತ್ತರಾದವರು, ಶಿರಾಡಿ ಘಾಟಿಯ ತಿರುವೆಲ್ಲ ಬಾಯಿಪಾಠ. ಮೊಮ್ಮಗಳು ಬಿಡಲಿಲ್ಲ, ಕೂರಿಸಿದಳು. ಎರಡು ತಿರುವು ದಾಟಿ ಅಂದರು: "ಬ್ರೇಕ್ ಸರಿ ಐತೆ ಕಣೋ. ತಿರುವು ಉಲ್ಟಾ. ಎಡಕ್ಕೆ ತಿರುಗಿಸಿದ್ರೆ ಜನ ಬಲಕ್ಕೆ ವಾಲ್ತಾರೆ. ನಿಂದು ಎಡಕ್ಕೇ ಬೀಳಿಸ್ತೈತೆ."

ಹೌದಲ್ಲ! ನಾನು ಸೈಕಲ್ಲಿನಂತೆ ಒಳಕ್ಕೆ ವಾಲಿಸಿದ್ದೆ. ಕುರ್ಚಿ ಎಲ್ಲಿಗೂ ಹೋಗುವುದಿಲ್ಲ. ವಾಲಿಸಿ, ಭೂಮಿಯ ಸೆಳೆತವನ್ನೇ ತಿರುವಿನ ತಳ್ಳಾಟವೆಂದು ಒಳಕಿವಿಗೆ ನಂಬಿಸುವುದಷ್ಟೇ ಅದರ ಕೆಲಸ. ಹಾಗಾದರೆ ಹೊರಕ್ಕೇ ವಾಲಬೇಕು.

ಮೋಟಾರಿನ ತಂತಿ ಅದಲುಬದಲು ಮಾಡಲು ಹೊರಟವನು ತಡೆದುಕೊಂಡೆ. ಹಾಗೆ ಮಾಡಿದ್ದರೆ ಅದು ಗುರಿಯತ್ತ ಬರುವ ಬದಲು ದೂರ ಓಡುತ್ತಿತ್ತು, ಮತ್ತದೇ ಅನಾಹುತ. ಪಕ್ಕಕ್ಕೆ ವಾಲಿಸುವ ಲೆಕ್ಕದಲ್ಲಿ ಒಂದು ಮೈನಸ್ ಚಿಹ್ನೆ ಸೇರಿಸಿದೆ.

ಅಪ್ಪ ಬೆಲ್ಟು ಬಿಗಿದು ಮತ್ತೆ ಕೂತರು. ಕೆಂಪು ಗುಂಡಿಯ ಮೇಲೆ ಮೊಮ್ಮಗಳ ಕೈ.